ಮೂಲೆ ಸೇರಿದ ಹಾರ್ಡ್ ಡಿಸ್ಕ್‌ಗಳಿಗೆ ಮನೆಯ ಜಾಲದಲ್ಲಿ ಮರುಬಳಕೆ: ಜೋಡಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮನೆಗೆ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಹಳೆಯದು ಗುಜರಿಗೆ ಹೋಗುತ್ತದೆ. ಅದರ ಹಾರ್ಡ್ ಡಿಸ್ಕ್ ಮಾತ್ರ ಕಪಾಟಿನಲ್ಲಿ ಉಳಿಯುತ್ತದೆ. ಎಸೆಯಲು ಮನಸ್ಸು ಬಾರದು, ಬಳಸಲು ದಾರಿ ಕಾಣದು. 500 ಗಿಗಾಬೈಟ್‌ನದೊಂದು, ಲ್ಯಾಪ್‌ಟಾಪ್‌ನಿಂದ ಕಳಚಿದ 1 ಟೆರಾಬೈಟ್‌ನದೊಂದು, ಎಂದೋ ಕೊಂಡ 2 ಟೆರಾಬೈಟ್‌ನದೊಂದು, ಹೀಗೆ ಹತ್ತು ವರ್ಷಗಳಲ್ಲಿ ಮೂರು ನಾಲ್ಕು ಡಿಸ್ಕ್‌ಗಳು ಸೇರಿಕೊಳ್ಳುತ್ತವೆ. ಇನ್ನೊಂದೆಡೆ ಮನೆಮಂದಿಯ ಮೊಬೈಲ್‌ಗಳು ಛಾಯಾಚಿತ್ರ, ವಿಡಿಯೋಗಳಿಂದ ತುಂಬಿ ತುಳುಕುತ್ತಿರುತ್ತವೆ. ಗೂಗಲ್ ಫೋಟೋಸ್ ಸೇವೆಯು ಮಿತಿಯಿಲ್ಲದ ಉಚಿತ ಸಂಗ್ರಹವನ್ನು 2021ರ ಜೂನ್ 1ರಿಂದ ನಿಲ್ಲಿಸಿತು. ಆ ಬಳಿಕ ಬಹುತೇಕ ಬಳಕೆದಾರರ ಹೊಸ ಚಿತ್ರಗಳು 15 ಗಿಗಾಬೈಟ್‌ನ ಉಚಿತ ಮಿತಿಯೊಳಗೇ ಲೆಕ್ಕಕ್ಕೆ ಬರುತ್ತಿವೆ.

ಕಪಾಟಿನಲ್ಲಿರುವ ಡಿಸ್ಕ್‌ಗಳನ್ನೂ ಜಾಗ ಸಾಲದ ಮೊಬೈಲ್‌ಗಳನ್ನೂ ಬೆಸೆಯುವ ಸಾಧನವೇ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಹ್ರಸ್ವವಾಗಿ ನ್ಯಾಸ್. ಹಳೆಯ ಡಿಸ್ಕ್‌ಗಳನ್ನು ಇದರಲ್ಲಿ ತೊಡಗಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ‘ಹೌದು’ ಎಂಬುದೇ. ಆದರೆ ಒಂದು ಷರತ್ತು ಇದೆ: ಹಳೆಯ ಡಿಸ್ಕ್ ಎರಡನೆಯ ಪ್ರತಿಯನ್ನು ಇಡಲು ತಕ್ಕದ್ದೇ ಹೊರತು, ಇರುವ ಒಂದೇ ಪ್ರತಿಯನ್ನು ಕಾಯಲು ಅಲ್ಲ. ಈ ಷರತ್ತಿನ ಕಾರಣಗಳನ್ನೂ ಜೋಡಣೆಯ ಕ್ರಮವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ನ್ಯಾಸ್ ಎಂದರೇನು?

ನ್ಯಾಸ್ ಎಂಬುದು ಪರದೆ, ಕೀಲಿಮಣೆಗಳಿಲ್ಲದ ಒಂದು ಚಿಕ್ಕ ಕಂಪ್ಯೂಟರ್. ಅದರ ಹೊಟ್ಟೆಯಲ್ಲಿ ಒಂದರಿಂದ ಎಂಟು ಹಾರ್ಡ್ ಡಿಸ್ಕ್‌ಗಳಿಗೆ ಸ್ಥಳವಿರುತ್ತದೆ. ಅದನ್ನು ಕೇಬಲ್ ಮೂಲಕ ಮನೆಯ ರೂಟರ್‌ಗೆ ಜೋಡಿಸಿದರೆ, ಮನೆಯ ಎಲ್ಲ ಕಂಪ್ಯೂಟರ್, ಮೊಬೈಲ್ ಹಾಗೂ ಟಿವಿಗಳು ಅದರಲ್ಲಿರುವ ಕಡತಗಳನ್ನು ಹಂಚಿಕೊಳ್ಳಬಹುದು. ತೈವಾನ್ ಮೂಲದ ಸಿನಾಲಜಿ ಹಾಗೂ ಕ್ಯುನ್ಯಾಪ್ ಕಂಪನಿಗಳ ಪೆಟ್ಟಿಗೆಗಳು ಈ ಕ್ಷೇತ್ರದಲ್ಲಿ ಹೆಚ್ಚು ಪರಿಚಿತ.

ಸಿದ್ಧ ಪೆಟ್ಟಿಗೆಯನ್ನೇ ಕೊಳ್ಳಬೇಕೆಂದಿಲ್ಲ. ಬದಿಗಿಟ್ಟ ಡೆಸ್ಕ್‌ಟಾಪ್ ಒಂದಕ್ಕೆ ಉಚಿತ ತಂತ್ರಾಂಶವನ್ನು ಅಳವಡಿಸಿಯೂ ನ್ಯಾಸ್ ಮಾಡಿಕೊಳ್ಳಬಹುದು. 2005ರಲ್ಲಿ ಫ್ರೀನ್ಯಾಸ್ ಎಂಬ ಹೆಸರಿನಿಂದ ಆರಂಭವಾಗಿ ಮುಂದೆ ಟ್ರೂನ್ಯಾಸ್ ಎಂದು ಹೆಸರು ಬದಲಿಸಿಕೊಂಡ ತಂತ್ರಾಂಶ ಒಂದು. ಡೆಬಿಯನ್ ಲಿನಕ್ಸ್ ಆಧಾರಿತವಾಗಿ 2011ರಲ್ಲಿ ಹೊರಬಂದ ಓಪನ್‌ಮೀಡಿಯಾವಾಲ್ಟ್ ಇನ್ನೊಂದು. ಹಳೆಯ ಯಂತ್ರ, ಕಡಿಮೆ ಮೆಮೊರಿ ಇದ್ದವರಿಗೆ ಎರಡನೆಯದು ಹೆಚ್ಚು ಹೊಂದುತ್ತದೆ.

ವೇಗದ ದೃಷ್ಟಿಯಿಂದ ಹಳೆಯ ಡಿಸ್ಕ್‌ಗಳು ನಾಚಬೇಕಾದ ಪ್ರಮೇಯವಿಲ್ಲ. ಗಿಗಾಬಿಟ್ ಕೇಬಲ್ ಜಾಲದಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್‌ಗಿಂತ ಹೆಚ್ಚು ಮಾಹಿತಿ ಹರಿಯದು. ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್ ಡಿಸ್ಕ್ ಕೂಡ ಆ ವೇಗದ ಆಸುಪಾಸಿನಲ್ಲಿರುತ್ತದೆ. ನಿಮ್ಮ ರೂಟರ್‌ನ ಕಿಂಡಿ 100 ಮೆಗಾಬಿಟ್‌ನದಾಗಿದ್ದರೆ ಮಾತ್ರ ವೇಗ ಸೆಕೆಂಡಿಗೆ 12 ಮೆಗಾಬೈಟ್ ದಾಟದು. ಆಗ ತಪ್ಪು ಡಿಸ್ಕ್‌ನದಲ್ಲ.

ಅಗ್ಗದ ಡಿಸ್ಕ್‌ಗಳ ಕೂಟ: ಒಂದು ಹಿನ್ನೋಟ

ಐಬಿಎಂ ಸಂಸ್ಥೆ 1956ರಲ್ಲಿ ಪ್ರಕಟಿಸಿದ ರಾಮ್ಯಾಕ್ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿದಿಡುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಅಲ್ಲಿಂದ ಮೂರು ದಶಕಗಳ ಕಾಲ ದೊಡ್ಡ ಕಂಪ್ಯೂಟರ್‌ಗಳಿಗೆ ದುಬಾರಿ ಡಿಸ್ಕ್‌ಗಳೇ ಗತಿಯಾಗಿದ್ದವು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್ ಅವರು ಒಂದು ಪ್ರಬಂಧವನ್ನು ಮಂಡಿಸಿದರು. ಒಂದು ದುಬಾರಿ ಡಿಸ್ಕ್‌ನ ಬದಲಿಗೆ, ವೈಯಕ್ತಿಕ ಕಂಪ್ಯೂಟರ್‌ಗಳಿಗೆಂದು ತಯಾರಾಗುವ ಹಲವು ಅಗ್ಗದ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ದುಡಿಸಬಹುದೆಂಬುದು ಅವರ ವಾದ. ಅದಕ್ಕೆ ಅವರಿಟ್ಟ ಹೆಸರೇ ರೇಯ್ಡ್.

ಆ ಪ್ರಬಂಧದಲ್ಲಿಯೇ ಒಂದು ಎಚ್ಚರಿಕೆಯೂ ಇತ್ತು. ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಂತೆ ಅವುಗಳಲ್ಲಿ ಯಾವುದಾದರೊಂದು ಕೈಕೊಡುವ ಸಂಭವವೂ ಹೆಚ್ಚುತ್ತದೆ. ಉದಾಹರಣೆಗೆ, ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಂಭವ ಶೇ. 5 ಎಂದಿಟ್ಟುಕೊಳ್ಳೋಣ. ಅಂತಹ ನಾಲ್ಕು ಡಿಸ್ಕ್‌ಗಳಲ್ಲಿ ಕನಿಷ್ಠ ಒಂದಾದರೂ ಕೆಡುವ ಸಂಭವ ಶೇ. 18ನ್ನು ದಾಟುತ್ತದೆ. ಆದ್ದರಿಂದಲೇ ಒಂದು ಕೆಟ್ಟರೂ ಉಳಿದವು ಮಾಹಿತಿಯನ್ನು ಕಾಪಾಡುವಂತೆ ಹೆಚ್ಚುವರಿ ಪ್ರತಿ ಅಥವಾ ತಾಳೆಯ ಲೆಕ್ಕವನ್ನು ಇಡಬೇಕಾಗುತ್ತದೆ. ಹಳೆಯ ಡಿಸ್ಕ್‌ಗಳ ವಿಷಯದಲ್ಲಂತೂ ಈ ಎಚ್ಚರಿಕೆ ಇಮ್ಮಡಿ ಸತ್ಯ.

ಯಾವ ಡಿಸ್ಕ್ ತಕ್ಕದ್ದು, ಯಾವುದು ಅಲ್ಲ

ಕಪಾಟಿನಿಂದ ತೆಗೆದ ಡಿಸ್ಕ್‌ಗಳನ್ನು ಮೊದಲು ವಿಂಗಡಿಸಬೇಕು.

* ಅಗಲವಾದ ಪಟ್ಟಿಯಂತಹ ಕೇಬಲ್ ಬಳಸುವ ಐಡಿಇ ಮಾದರಿಯ ಡಿಸ್ಕ್‌ಗಳು ಇಂದಿನ ಪೆಟ್ಟಿಗೆಗಳಿಗೆ ಹೊಂದುವುದಿಲ್ಲ. 2003ರ ನಂತರ ಬಳಕೆಗೆ ಬಂದ ಸಾಟಾ ಮಾದರಿಯೇ ಬೇಕು.

* ಲ್ಯಾಪ್‌ಟಾಪ್‌ನ 2.5 ಇಂಚಿನ ಡಿಸ್ಕ್‌ಗೂ ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್‌ಗೂ ಸಾಟಾ ಕಿಂಡಿ ಒಂದೇ. ಚಿಕ್ಕದನ್ನು ಕೂರಿಸಲು ತಟ್ಟೆಯಲ್ಲಿ ಬೇರೆ ಸ್ಕ್ರೂ ರಂಧ್ರಗಳಿರುತ್ತವೆ.

* ಯುಎಸ್‌ಬಿ ಎಕ್ಸ್‌ಟರ್ನಲ್ ಡಿಸ್ಕ್‌ನ ಕವಚವನ್ನು ಒಡೆದು ಒಳಗಿನದನ್ನು ಬಳಸುವವರಿದ್ದಾರೆ. ಆದರೆ ಜೇಬಿನಲ್ಲಿ ಹಿಡಿಸುವ ಹಲವು ಮಾದರಿಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕ್‌ನ ಮಂಡಳಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಸಾಟಾ ಕಿಂಡಿಯೇ ಇರುವುದಿಲ್ಲ. ಕೆಲವು ಮಾದರಿಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆಯುವುದರಿಂದ ಕವಚದಿಂದ ಹೊರತೆಗೆದ ಮೇಲೆ ಅದನ್ನು ಓದಲಾಗುವುದಿಲ್ಲ. ಒಡೆಯುವ ಮುನ್ನ ಒಳಗಿರುವುದನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

* ‘ಶಿಂಗಲ್ಡ್’ ಅಥವಾ ಎಸ್‌ಎಂಆರ್ ಮಾದರಿಯ ಡಿಸ್ಕ್‌ಗಳಲ್ಲಿ ಮಾಹಿತಿಯ ಪಥಗಳನ್ನು ಮನೆಯ ಹೆಂಚಿನಂತೆ ಒಂದರ ಮೇಲೊಂದು ಒರಗಿಸಿ ಬರೆಯಲಾಗುತ್ತದೆ. ನಡುವಿನ ಒಂದು ಹೆಂಚನ್ನು ಬದಲಿಸಲು ಅಕ್ಕಪಕ್ಕದವನ್ನೂ ತೆಗೆಯಬೇಕಾಗುವಂತೆ, ಇಲ್ಲಿ ಮರುಬರಹ ಬಹು ನಿಧಾನ. ರೇಯ್ಡ್ ಕೂಟಕ್ಕೆ ಇವು ಹೇಳಿಸಿದವಲ್ಲ. ನ್ಯಾಸ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಈ ಮಾದರಿಯವೆಂಬುದು 2020ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಗ್ರಾಹಕರ ಆಕ್ಷೇಪಕ್ಕೆ ಕಾರಣವಾಗಿತ್ತು. ಡಿಸ್ಕ್‌ನ ಮೇಲಿನ ಮಾದರಿ ಸಂಖ್ಯೆಯನ್ನು ತಯಾರಕರ ಪಟ್ಟಿಯೊಡನೆ ತಾಳೆ ನೋಡುವುದು ಒಳಿತು.

ಡೆಸ್ಕ್‌ಟಾಪ್ ಡಿಸ್ಕ್‌ಗೂ ನ್ಯಾಸ್ ಡಿಸ್ಕ್‌ಗೂ ಇನ್ನೊಂದು ವ್ಯತ್ಯಾಸವಿದೆ. ಓದಲಾಗದ ಭಾಗವೊಂದು ಎದುರಾದರೆ ಡೆಸ್ಕ್‌ಟಾಪ್ ಡಿಸ್ಕ್ ಬಹಳ ಹೊತ್ತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ; ಒಂಟಿಯಾಗಿರುವಾಗ ಅದು ಗುಣವೇ. ಕೂಟದಲ್ಲಿ ಮಾತ್ರ, ಉತ್ತರ ಬಾರದ ಡಿಸ್ಕ್ ಸತ್ತಿದೆಯೆಂದು ಭಾವಿಸಿ ನಿಯಂತ್ರಕವು ಅದನ್ನು ಹೊರಹಾಕುವ ಸಂಭವವಿದೆ. ನ್ಯಾಸ್‌ಗೆಂದು ತಯಾರಾದ ಡಿಸ್ಕ್‌ಗಳು ಸುಮಾರು 7 ಸೆಕೆಂಡುಗಳಲ್ಲಿ ಪ್ರಯತ್ನವನ್ನು ಕೈಬಿಟ್ಟು ದೋಷವನ್ನು ವರದಿ ಮಾಡುತ್ತವೆ.

ಪೆಟ್ಟಿಗೆಯ ತಯಾರಕರ ನಿಯಮವನ್ನೂ ಗಮನಿಸಬೇಕು. ಸಿನಾಲಜಿಯು 2025ರ ಪ್ಲಸ್ ಸರಣಿಯ ಪೆಟ್ಟಿಗೆಗಳಲ್ಲಿ ಇತರ ಕಂಪನಿಗಳ ಡಿಸ್ಕ್‌ಗಳಿಗೆ ನಿರ್ಬಂಧ ಹೇರಿತ್ತು. ಗ್ರಾಹಕರ ವಿರೋಧ ವ್ಯಕ್ತವಾದ ನಂತರ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ತಂತ್ರಾಂಶದ 7.3 ಆವೃತ್ತಿಯಲ್ಲಿ ಹಾರ್ಡ್ ಡಿಸ್ಕ್‌ಗಳ ಮಟ್ಟಿಗೆ ಅದನ್ನು ಸಡಿಲಿಸಿತು.

ಡಿಸ್ಕ್‌ನ ಆರೋಗ್ಯ ತಪಾಸಣೆ

ಪ್ರತಿ ಡಿಸ್ಕ್ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಸ್ಮಾರ್ಟ್ ಎಂಬ ಈ ದಾಖಲೆಯನ್ನು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ಉಚಿತ ತಂತ್ರಾಂಶಗಳಿಂದ ಓದಬಹುದು. ಲಕ್ಷಾಂತರ ಡಿಸ್ಕ್‌ಗಳನ್ನು ನಡೆಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆಯು ಐದು ಅಂಶಗಳ ಮೇಲೆ ಕಣ್ಣಿಡುವಂತೆ ತಿಳಿಸಿದೆ: 5, 187, 188, 197 ಮತ್ತು 198 ಎಂಬ ಸಂಖ್ಯೆಯವು. ಕೆಟ್ಟು ಬದಲಿ ಸ್ಥಳಕ್ಕೆ ಹೋದ ಭಾಗಗಳು, ಸರಿಪಡಿಸಲಾಗದ ದೋಷಗಳು, ಆದೇಶಕ್ಕೆ ಸಕಾಲದಲ್ಲಿ ಬಾರದ ಉತ್ತರಗಳು, ಬದಲಿಗಾಗಿ ಕಾದಿರುವ ಭಾಗಗಳು, ತಪಾಸಣೆಯಲ್ಲಿಯೂ ಸರಿಹೋಗದ ಭಾಗಗಳು ಎಂಬುದು ಇವುಗಳ ಸ್ಥೂಲ ಅರ್ಥ. ಈ ಐದರ ಕಚ್ಚಾ ಮೌಲ್ಯವೂ ಸೊನ್ನೆ ಇದ್ದರೆ ಮುಂದಿನ ಹೆಜ್ಜೆ ಇಡಬಹುದು. 197 ಅಥವಾ 198ರಲ್ಲಿ ಸೊನ್ನೆಯಲ್ಲದ ಅಂಕಿ ಕಂಡರೆ ಆ ಡಿಸ್ಕನ್ನು ಬದಿಗಿಡುವುದೇ ಲೇಸು.

ಓಡಿದ ಗಂಟೆಗಳ ಲೆಕ್ಕವೂ ಅದೇ ದಾಖಲೆಯಲ್ಲಿದೆ. ಬಿಡುವಿಲ್ಲದೆ ಓಡಿದ ಒಂದು ವರ್ಷಕ್ಕೆ 8,760 ಗಂಟೆ. 40,000 ಗಂಟೆ ತೋರಿಸುವ ಡಿಸ್ಕ್ ನಾಲ್ಕೂವರೆ ವರ್ಷ ಹಗಲಿರುಳು ದುಡಿದಿದೆ ಎಂದರ್ಥ.

ಬಳಿಕ ದೀರ್ಘ ಪರೀಕ್ಷೆಯನ್ನು ನಡೆಸಬೇಕು. 2 ಟೆರಾಬೈಟ್‌ನ ಡಿಸ್ಕ್‌ಗೆ ಇದು ನಾಲ್ಕೈದು ಗಂಟೆಗಳ ಕೆಲಸ. ಖಾಲಿ ಡಿಸ್ಕಾದರೆ ಇಡೀ ಮೇಲ್ಮೈಗೆ ಒಮ್ಮೆ ಬರೆದು ಮತ್ತೆ ಓದಿಸಿ, ಆ ಐದು ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು.

ಇಷ್ಟಾದರೂ ಪೂರ್ಣ ಭರವಸೆ ದೊರೆಯದು. ಗೂಗಲ್‌ನ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ಮುಖ್ಯ ಸಂಗತಿಗಳಿವೆ. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷವಿಲ್ಲದ ಡಿಸ್ಕ್‌ಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚು ಎಂಬುದು ಒಂದು. ಕೆಟ್ಟ ಡಿಸ್ಕ್‌ಗಳ ಪೈಕಿ ಶೇ. 36ಕ್ಕೂ ಹೆಚ್ಚಿನವು, ತಾಪಮಾನವನ್ನು ಬಿಟ್ಟರೆ, ಸ್ಮಾರ್ಟ್‌ನ ಯಾವ ದೋಷ ಸೂಚನೆಯನ್ನೂ ನೀಡಿರಲಿಲ್ಲ ಎಂಬುದು ಇನ್ನೊಂದು. ಅಂದರೆ ಕೆಟ್ಟ ವರದಿಯನ್ನು ನಂಬಬೇಕು, ಒಳ್ಳೆಯ ವರದಿಯನ್ನು ನೆಚ್ಚಿ ಕೂರಬಾರದು.

ಒಂದು ಗುಂಡಿಯ ಬೆಲೆ

ಇಲ್ಲಿ ಬಹುಮಂದಿ ಎಡವುವ ಒಂದು ಸ್ಥಳವಿದೆ. ಪೆಟ್ಟಿಗೆಯೊಳಗೆ ಇಟ್ಟ ಡಿಸ್ಕನ್ನು ನ್ಯಾಸ್ ತನ್ನದೇ ಕ್ರಮದಲ್ಲಿ ಸಿದ್ಧಪಡಿಸಿಕೊಳ್ಳುತ್ತದೆ. ಆಗ ಅದರಲ್ಲಿ ಮೊದಲೇ ಇದ್ದ ಎಲ್ಲವೂ ಅಳಿದುಹೋಗುತ್ತದೆ. ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ ನಿಜ, ಆದರೆ ಅನುಸ್ಥಾಪನೆಯ ಆತುರದಲ್ಲಿ ಅದನ್ನು ಓದುವವರು ಕಡಿಮೆ.

ಈ ಲೇಖಕನೂ ಓದಿರಲಿಲ್ಲ. ತಂದೆಯವರ ಷಷ್ಟ್ಯಬ್ದಿಯ ಚಿತ್ರಗಳಿದ್ದ ಡಿಸ್ಕನ್ನು, ಚಿತ್ರಗಳು ಹಾಗೆಯೇ ಜಾಲದಲ್ಲಿ ಕಾಣುತ್ತವೆಂದು ನಂಬಿ ಪೆಟ್ಟಿಗೆಗೆ ಹಾಕಿ ‘ಸರಿ’ ಗುಂಡಿಯನ್ನು ಒತ್ತಿದ್ದಾಯಿತು. ಹತ್ತು ನಿಮಿಷಗಳ ನಂತರ ಡಿಸ್ಕ್ ಹೊಚ್ಚಹೊಸದರಂತೆ ಖಾಲಿಯಾಗಿತ್ತು. ಶಿವಮೊಗ್ಗದಲ್ಲಿರುವ ಅಕ್ಕನ ಮನೆಯ ಒಂದು ಸಿಡಿಯಲ್ಲಿ ಅರ್ಧದಷ್ಟು ಚಿತ್ರಗಳು ಸಿಕ್ಕವು. ಉಳಿದರ್ಧದಲ್ಲಿ ಈಗ ನಮ್ಮೊಡನಿಲ್ಲದ ಅಜ್ಜಿಯ ಕೊನೆಯ ಚಿತ್ರಗಳಿದ್ದವು. ಉಳಿಸಿದ್ದು ದುಬಾರಿ ಸಾಧನವಲ್ಲ. ಅಕ್ಕ ಮರೆತು ಇಟ್ಟುಕೊಂಡಿದ್ದ ಎರಡನೆಯ ಪ್ರತಿ.

ಆದ್ದರಿಂದ ಡಿಸ್ಕನ್ನು ಪೆಟ್ಟಿಗೆಗೆ ಹಾಕುವ ಮುನ್ನ ಅದರಲ್ಲಿರುವುದನ್ನು ಬೇರೊಂದೆಡೆ ನಕಲು ಮಾಡಿ, ನಕಲನ್ನು ತೆರೆದು ನೋಡಿ, ಆನಂತರವೇ ಮುಂದುವರಿಯಬೇಕು.

ಬೇರೆ ಬೇರೆ ಗಾತ್ರದ ಡಿಸ್ಕ್‌ಗಳ ಜೋಡಣೆ

ಹೊಸ ಡಿಸ್ಕ್‌ಗಳನ್ನು ಕೊಳ್ಳುವವರು ಒಂದೇ ಗಾತ್ರದವನ್ನು ಆರಿಸಬಹುದು. ಕಪಾಟಿನ ಡಿಸ್ಕ್‌ಗಳು ಹಾಗಿರುವುದಿಲ್ಲ. ಆರಂಭದಲ್ಲಿ ಹೇಳಿದ 500 ಗಿಗಾಬೈಟ್, 1 ಟೆರಾಬೈಟ್ ಮತ್ತು 2 ಟೆರಾಬೈಟ್‌ನ ಮೂರು ಡಿಸ್ಕ್‌ಗಳನ್ನೇ ತೆಗೆದುಕೊಳ್ಳೋಣ. ಒಟ್ಟು 3.5 ಟೆರಾಬೈಟ್.

* ರೇಯ್ಡ್ 0: ಮಾಹಿತಿಯನ್ನು ತುಂಡು ಮಾಡಿ ಎಲ್ಲ ಡಿಸ್ಕ್‌ಗಳಿಗೂ ಹಂಚುವ ಕ್ರಮ. ಒಂದು ಕೆಟ್ಟರೆ ಎಲ್ಲವೂ ಹೋಯಿತು. ಹಳೆಯ ಡಿಸ್ಕ್‌ಗಳಿಗೆ ಇದು ಸರ್ವಥಾ ಸಲ್ಲದು.

* ರೇಯ್ಡ್ 1: ಒಂದರ ಪ್ರತಿಬಿಂಬ ಇನ್ನೊಂದರಲ್ಲಿ. 1 ಮತ್ತು 2 ಟೆರಾಬೈಟ್‌ನ ಡಿಸ್ಕ್‌ಗಳನ್ನು ಜೋಡಿಸಿದರೆ ದೊರೆಯುವ ಸ್ಥಳ ಚಿಕ್ಕದರಷ್ಟು, ಅಂದರೆ 1 ಟೆರಾಬೈಟ್.

* ರೇಯ್ಡ್ 5: ಕನಿಷ್ಠ ಮೂರು ಡಿಸ್ಕ್ ಬೇಕು. ಎಲ್ಲವನ್ನೂ ಅತಿ ಚಿಕ್ಕದರ ಗಾತ್ರಕ್ಕೆ ಇಳಿಸಿ ಲೆಕ್ಕ ಹಾಕುವುದರಿಂದ ಮೂರರಿಂದಲೂ ದೊರೆಯುವುದು 1 ಟೆರಾಬೈಟ್ ಮಾತ್ರ.

* ಸಿನಾಲಜಿಯ ಹೈಬ್ರಿಡ್ ರೇಯ್ಡ್: ಅಸಮ ಗಾತ್ರಗಳನ್ನು ತುಂಡುಗಳಾಗಿ ವಿಂಗಡಿಸಿ ಜೋಡಿಸುವುದರಿಂದ 1.5 ಟೆರಾಬೈಟ್ ಸಿಗುತ್ತದೆ. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುತ್ತದೆ.

* ಸ್ನ್ಯಾಪ್‌ರೇಯ್ಡ್ ಅಥವಾ ಅನ್‌ರೇಯ್ಡ್: ಅತಿ ದೊಡ್ಡ ಡಿಸ್ಕನ್ನು ತಾಳೆಯ ಲೆಕ್ಕಕ್ಕೆ ಮೀಸಲಿಟ್ಟು, ಉಳಿದ ಎರಡರಲ್ಲಿ 1.5 ಟೆರಾಬೈಟ್ ಬಳಸಬಹುದು. ಕಡತಗಳು ತುಂಡಾಗದೆ ಇಡಿಯಾಗಿ ಒಂದೊಂದು ಡಿಸ್ಕ್‌ನಲ್ಲಿರುವುದರಿಂದ, ಎರಡು ಡಿಸ್ಕ್ ಒಟ್ಟಿಗೆ ಕೆಟ್ಟರೂ ಉಳಿದ ಡಿಸ್ಕ್‌ನ ಕಡತಗಳಿಗೆ ಹಾನಿಯಿಲ್ಲ. ಸ್ನ್ಯಾಪ್‌ರೇಯ್ಡ್ ಉಚಿತ, ಅನ್‌ರೇಯ್ಡ್‌ಗೆ ಹಣ ತೆರಬೇಕು.

* ಪ್ರತ್ಯೇಕ ಡಿಸ್ಕ್‌ಗಳು: ಕೂಟವನ್ನೇ ಮಾಡದೆ ಒಂದೊಂದನ್ನೂ ಬೇರೆಯಾಗಿ ಬಳಸುವುದು. ಪೂರ್ಣ 3.5 ಟೆರಾಬೈಟ್ ಲಭ್ಯ, ರಕ್ಷಣೆ ಇಲ್ಲ. ಆದರೆ ಪ್ರತಿ ರಾತ್ರಿ ಒಂದರ ಮುಖ್ಯ ಕಡತಗಳು ಇನ್ನೊಂದಕ್ಕೆ ತಾವಾಗಿ ನಕಲಾಗುವಂತೆ ವೇಳೆ ನಿಗದಿ ಮಾಡಬಹುದು.

ಹಳೆಯ, ಅಸಮ ಡಿಸ್ಕ್‌ಗಳಿಗೆ ಕೊನೆಯ ಎರಡು ಕ್ರಮಗಳೇ ಹೆಚ್ಚು ಸೂಕ್ತ. ರೇಯ್ಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟು ಹೊಸದನ್ನು ಹಾಕಿದಾಗ, ಉಳಿದ ಡಿಸ್ಕ್‌ಗಳನ್ನು ಆದಿಯಿಂದ ಅಂತ್ಯದವರೆಗೆ ಓದಿ ಮಾಹಿತಿಯನ್ನು ಮರುಕಟ್ಟಬೇಕಾಗುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ 4 ಟೆರಾಬೈಟ್‌ಗೆ 11 ಗಂಟೆ ಹಿಡಿಯುತ್ತದೆ. ಅಷ್ಟೇ ವಯಸ್ಸಾದ ಉಳಿದ ಡಿಸ್ಕ್‌ಗಳ ಮೇಲೆ ಅತಿ ಹೆಚ್ಚು ಒತ್ತಡ ಬೀಳುವುದು ಆ ಹೊತ್ತಿನಲ್ಲಿಯೇ.

ರೇಯ್ಡ್ ಎಂಬುದು ಬ್ಯಾಕಪ್ ಅಲ್ಲ

ಡಿಸ್ಕ್ ಕೆಟ್ಟಾಗಲೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ರೇಯ್ಡ್‌ನ ಉದ್ದೇಶ. ಮಗು ಕಡತವನ್ನು ಅಳಿಸಿದರೆ ಪ್ರತಿಬಿಂಬದಿಂದಲೂ ಅದು ಆ ಕ್ಷಣವೇ ಅಳಿಯುತ್ತದೆ. ಕಳ್ಳತನ, ಬೆಂಕಿ, ಸಿಡಿಲುಗಳಿಂದ ಇಡೀ ಪೆಟ್ಟಿಗೆಯೇ ಹೋಗಬಹುದು.

ಜಾಲದ ಮೂಲಕ ಬರುವ ಅಪಾಯವೂ ಕಡಿಮೆಯಲ್ಲ. 2021ರ ಜೂನ್‌ನಲ್ಲಿ, ತಯಾರಕರ ಬೆಂಬಲ ನಿಂತುಹೋಗಿದ್ದ ಮೈ ಬುಕ್ ಲೈವ್ ಎಂಬ ಸಾಧನಗಳ ಮಾಹಿತಿಯನ್ನು ದುಷ್ಕರ್ಮಿಗಳು ಅಂತರ್ಜಾಲದ ಮೂಲಕವೇ ಅಳಿಸಿಹಾಕಿದರು. ಸಾಧನವನ್ನು ಅಂತರ್ಜಾಲದಿಂದ ಕಳಚುವಂತೆ ವೆಸ್ಟರ್ನ್ ಡಿಜಿಟಲ್ ಸೂಚಿಸಬೇಕಾಯಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಕುತಂತ್ರಾಂಶವು ಕ್ಯುನ್ಯಾಪ್ ಪೆಟ್ಟಿಗೆಗಳ ಕಡತಗಳಿಗೆ ಬೀಗ ಜಡಿದು 0.03 ಬಿಟ್‌ಕಾಯಿನ್ ಒತ್ತೆಹಣ ಕೇಳಿತು. ರೂಟರ್‌ನಲ್ಲಿ ಹೊರಗಿನವರಿಗೆ ಬಾಗಿಲು ತೆರೆಯದಿರುವುದು, ತಂತ್ರಾಂಶವನ್ನು ಆಗಾಗ್ಗೆ ನವೀಕರಿಸುವುದು, ಮೂಲ ಗುಪ್ತಪದವನ್ನು ಬದಲಿಸುವುದು ಕನಿಷ್ಠ ಎಚ್ಚರಿಕೆಗಳು.

ಇದಕ್ಕೆ ಪರಿಹಾರವೇ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ 3-2-1 ಸೂತ್ರ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಹಳೆಯ ಡಿಸ್ಕ್‌ಗಳಿಗೆ ನಿಜವಾದ ಗೌರವದ ಸ್ಥಾನ ಇರುವುದು ಇಲ್ಲಿಯೇ. ಮೂಲ ಪ್ರತಿ ಕಂಪ್ಯೂಟರ್ ಅಥವಾ ಹೊಸ ಡಿಸ್ಕ್‌ನಲ್ಲಿರಲಿ, ಎರಡನೆಯದು ಹಳೆಯ ಡಿಸ್ಕ್‌ಗಳ ನ್ಯಾಸ್‌ನಲ್ಲಿರಲಿ, ಮೂರನೆಯದನ್ನು ಮತ್ತೊಂದು ಹಳೆಯ ಡಿಸ್ಕ್‌ಗೆ ತುಂಬಿಸಿ ಊರಿನ ಮನೆಯ ಬೀರುವಿನಲ್ಲಿಡಿ. ಯುಗಾದಿಗೆ ಒಂದು, ದೀಪಾವಳಿಗೆ ಒಂದು ಎಂದು ಎರಡು ಡಿಸ್ಕ್‌ಗಳನ್ನು ಅದಲುಬದಲು ಮಾಡುತ್ತಿದ್ದರೆ, ಬೇರೆ ಖರ್ಚಿಲ್ಲದೆ ಎಂಟು ತಿಂಗಳಿಗಿಂತ ಹಳೆಯದಲ್ಲದ ಪ್ರತಿ ಸದಾ ದೂರದಲ್ಲಿ ಸುರಕ್ಷಿತ.

ವಿದ್ಯುತ್ತು, ಸಿಡಿಲು, ಖರ್ಚು

ಒಂದು ಡೆಸ್ಕ್‌ಟಾಪ್ ಡಿಸ್ಕ್ ತಿರುಗುವಾಗ ಸಾಮಾನ್ಯವಾಗಿ 5ರಿಂದ 8 ವ್ಯಾಟ್ ಬಳಸುತ್ತದೆ. ಪೆಟ್ಟಿಗೆಯೂ ಸೇರಿ 25 ವ್ಯಾಟ್ ಎಂದು ಹಿಡಿದರೆ ಹಗಲಿರುಳು ಓಡಿಸಲು ತಿಂಗಳಿಗೆ 18 ಯೂನಿಟ್. 2023ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವವರು ಈ 18ನ್ನು ಮರೆಯಬಾರದು. ಹಳೆಯ ಡೆಸ್ಕ್‌ಟಾಪನ್ನೇ ನ್ಯಾಸ್ ಮಾಡಿದರೆ ಬಳಕೆ ಇದರ ಎರಡು ಮೂರು ಪಟ್ಟಾಗಬಹುದು. ನಾಲ್ಕು ಚಿಕ್ಕ ಡಿಸ್ಕ್‌ಗಳಿಗಿಂತ ಒಂದು ದೊಡ್ಡ ಡಿಸ್ಕ್ ವಿದ್ಯುತ್ತಿನ ಲೆಕ್ಕದಲ್ಲಿ ಮಿತವ್ಯಯಿ. 250 ಅಥವಾ 320 ಗಿಗಾಬೈಟ್‌ನ ಡಿಸ್ಕ್‌ಗಳನ್ನು ದಿನವಿಡೀ ಓಡಿಸುವುದು ಲಾಭದಾಯಕವಲ್ಲ.

ಬರೆಯುವ ನಡುವೆ ವಿದ್ಯುತ್ ಕಡಿತವಾದರೆ ಕಡತ ವ್ಯವಸ್ಥೆ ಕೆಡುವ ಅಪಾಯವಿರುವುದರಿಂದ ಯುಪಿಎಸ್ ಅನಿವಾರ್ಯ. ಯುಎಸ್‌ಬಿ ಕೇಬಲ್‌ನಿಂದ ನ್ಯಾಸ್‌ಗೆ ಸುದ್ದಿ ಮುಟ್ಟಿಸುವ ಯುಪಿಎಸ್ ಆದರೆ, ಬ್ಯಾಟರಿ ತೀರುವ ಮೊದಲೇ ಪೆಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಂಗಾರು ಪೂರ್ವದ ಗುಡುಗು ಮಳೆಯಲ್ಲಿ ಮಲೆನಾಡಿನವರು ಮೋಡೆಮ್‌ನ ವೈರುಗಳನ್ನು ಕಳಚಿಡುವುದು ರೂಢಿ. ನ್ಯಾಸ್‌ನ ವಿದ್ಯುತ್ ವೈರಿನೊಡನೆ ಜಾಲದ ಕೇಬಲನ್ನೂ ಕಳಚಬೇಕು. ಸಿಡಿಲಿನ ಆಘಾತ ಅದರ ಮೂಲಕವೂ ಬರಬಲ್ಲದು.

ತಿರಸ್ಕೃತ ಡಿಸ್ಕ್‌ಗಳ ವಿಲೇವಾರಿ

ಪರೀಕ್ಷೆಯಲ್ಲಿ ಅನುತ್ತೀರ್ಣವಾದ ಡಿಸ್ಕನ್ನು ಹಾಗೆಯೇ ಗುಜರಿಗೆ ಕೊಡಬಾರದು. ಕಡತಗಳನ್ನು ಅಳಿಸಿದ ಮಾತ್ರಕ್ಕೆ ಮಾಹಿತಿ ಹೋಗುವುದಿಲ್ಲ. ಇಡೀ ಡಿಸ್ಕ್‌ಗೆ ಒಮ್ಮೆ ಸೊನ್ನೆಗಳನ್ನು ಬರೆಯಬೇಕು. ಓಡದ ಡಿಸ್ಕಾದರೆ ತಟ್ಟೆಗಳನ್ನು ಹೊರತೆಗೆದು ಹಾಳುಗೆಡವಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅನ್ವಯ ನೋಂದಾಯಿತ ಮರುಬಳಕೆದಾರರಿಗೆ ಇವುಗಳನ್ನು ತಲುಪಿಸುವುದು ಸರಿಯಾದ ಕ್ರಮ.

ಸಾರಾಂಶ

ಡಿಸ್ಕ್‌ನ ಒಳಗಿರುವುದನ್ನು ಮೊದಲು ನಕಲು ಮಾಡಿ; ಐದು ಅಂಕಿಗಳನ್ನು ನೋಡಿ; ದೀರ್ಘ ಪರೀಕ್ಷೆ ನಡೆಸಿ; ಅಸಮ ಡಿಸ್ಕ್‌ಗಳಿಗೆ ಒಗ್ಗುವ ಕ್ರಮವನ್ನು ಆರಿಸಿ; ತಿಂಗಳಿಗೊಮ್ಮೆ ಆರೋಗ್ಯದ ವರದಿ ಮಿಂಚಂಚೆಗೆ ಬರುವಂತೆ ಏರ್ಪಡಿಸಿ; ವರ್ಷಕ್ಕೊಮ್ಮೆಯಾದರೂ ಬ್ಯಾಕಪ್‌ನಿಂದ ಕೆಲವು ಚಿತ್ರಗಳನ್ನು ಮರಳಿ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಲೆಕ್ಕಿಸುವಂತಿಲ್ಲ.

ಹಳೆಯ ಡಿಸ್ಕ್ ಇಂದಲ್ಲ ನಾಳೆ ಕೆಡುವುದು ಖಚಿತ. ಅದು ಕೆಟ್ಟ ದಿನ ಮನೆಯಲ್ಲಿ ಯಾರಿಗೂ ಚಿಂತೆಯಾಗದಿದ್ದರೆ, ಜೋಡಣೆ ಸರಿಯಾಗಿದೆ ಎಂದು ತಿಳಿಯಬಹುದು.